ಕ್ಯಾಚ್ ಕ್ಯಾನ್ ಹಾಕಿದ ಮೇಲೆ ಆಯಿಲ್ ಸೋರಿದ್ದು ಯಾಕೆ? ಒಂದು ಟರ್ಬೊ ಪೆಟ್ರೋಲ್ ಕಾರಿನ ಪ್ರಕರಣ

ಆಯಿಲ್ ಕ್ಯಾಚ್ ಕ್ಯಾನ್ ನೋಡೋಕೆ ಒಂದು ಚಿಕ್ಕ ಡಬ್ಬಿ, ಎಂಜಿನ್ ಹೊಗೆಯಲ್ಲಿ ಬರುವ ಆಯಿಲನ್ನು ಹಿಡಿದಿಡೋಕೆ. ಎರಡು ನಿಪ್ಪಲ್, ಎರಡು ಹೋಸ್, ನಾಲ್ಕು ಕ್ಲಾಂಪ್, ಅಷ್ಟೇ. ಆದರೆ ಈ ಪ್ರಕರಣದಲ್ಲಿ ಆ ಡಬ್ಬಿ ಮೊದಲು ಚೆಕ್ ಎಂಜಿನ್ ಲೈಟ್ ಹೊತ್ತಿಸಿತು. ಆಮೇಲೆ ಎಂಜಿನ್ ತಲೆಯ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್‌ನಿಂದ ಆಯಿಲ್ ಸೋರುವಂತೆ ಮಾಡಿತು. ಸರಿಯಾಗಿ ಕೂತ ಮೇಲೆ ತನ್ನ ಕೆಲಸವನ್ನೂ ಚೆನ್ನಾಗಿ ಮಾಡಿತು. ನಡುವೆ ಯಾವ ಯಾವ ತೀರ್ಮಾನ ತೆಗೆದುಕೊಂಡರು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನುವುದನ್ನು ಬಿಡಿಸಿ ಬರೆದಿದ್ದೇನೆ. ಗಾಡಿಯ ಕಂಪನಿ, ಮಾಡೆಲ್, ಊರು, ಹೆಸರು ಯಾವುದೂ ಇಲ್ಲಿಲ್ಲ. ಮಾಲೀಕರು, ಮೆಕ್ಯಾನಿಕ್ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಅಳತೆ ತೆಗೆದ ದಿನ ನಾನೂ ಗಾಡಿಯಲ್ಲಿದ್ದೆ.

ಹಿನ್ನೆಲೆ

ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಎಂಜಿನ್, ಡೈರೆಕ್ಟ್ ಇಂಜೆಕ್ಷನ್. ಓಡಿದ್ದು ಸುಮಾರು 70,000 ಕಿಲೋಮೀಟರ್. ಮಾಲೀಕರು ಗಾಡಿ ವಿಷಯದಲ್ಲಿ ಶಿಸ್ತಿನವರು, ಒಂದು ಆಯಿಲ್ ಚೇಂಜನ್ನೂ ತಪ್ಪಿಸಿದವರಲ್ಲ. ಕೆಲಸದ ದಿನಗಳಲ್ಲಿ ಚಿಕ್ಕ ಚಿಕ್ಕ ಓಡಾಟ, ರಜೆ ಸಿಕ್ಕರೆ ಹೈವೇಯಲ್ಲಿ ದೂರದ ಪ್ರಯಾಣ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಅರ್ಧ ನಿಮಿಷ ನಡುಗೋದಕ್ಕೆ ಶುರುವಾಯಿತು. ಬಿಸಿಯಾದರೆ ಏನೂ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0302, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು). ಮೆಕ್ಯಾನಿಕ್ ಹೊಸ ಪ್ಲಗ್ ಹಾಕಿದರು. ಪ್ಲಗ್‌ಗೆ ಕಿಡಿ ಕೊಡುವ ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿದರು. ಕಾಯಿಲ್ ಕೆಟ್ಟಿದ್ದರೆ ಮಿಸ್‌ಫೈರ್ ಮೂರಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಕೊನೆಗೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಪೋರ್ಟ್ ಒಳಗೆ ಕ್ಯಾಮೆರಾ ಬಿಟ್ಟಾಗ ವಿಷಯ ಗೊತ್ತಾಯಿತು. ಇನ್‌ಟೇಕ್ ವಾಲ್ವ್‌ಗಳ ಬೆನ್ನ ಮೇಲೆ ಕಪ್ಪು ಕಾರ್ಬನ್ ಗಂಟುಗಟ್ಟಿತ್ತು. ಮೇಲಿನ ಪದರ ಬೆರಳಿಗೆ ಜಿಡ್ಡಾಗಿ ಅಂಟುತ್ತಿತ್ತು. ಅಡಿಯ ಪದರ ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೂ ಸುಲಭಕ್ಕೆ ಬರಲಿಲ್ಲ.

ಈ ಕಾರ್ಬನ್ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿಲ್ಲದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಎಷ್ಟೇ ಒಳ್ಳೆಯ ಎಂಜಿನ್ ಆಗಲಿ, ಸಿಲಿಂಡರಿನಲ್ಲಿ ಉರಿದ ಗ್ಯಾಸ್ ಸ್ವಲ್ಪ ಮಟ್ಟಿಗೆ ಪಿಸ್ಟನ್ ರಿಂಗ್ ದಾಟಿ ಕೆಳಗೆ ಕ್ರ್ಯಾಂಕ್‌ಕೇಸಿಗೆ, ಅಂದರೆ ಎಂಜಿನ್‌ನ ಕೆಳಗಿನ ಪೆಟ್ಟಿಗೆಗೆ, ನುಗ್ಗುತ್ತದೆ. ಇದೇ ಬ್ಲೋ-ಬೈ. ಅದರಲ್ಲಿ ನೀರಾವಿ, ಉರಿಯದ ಪೆಟ್ರೋಲ್, ಆಯಿಲ್ ಹನಿಗಳ ಮಂಜು ಎಲ್ಲಾ ಇರುತ್ತದೆ. ಅದನ್ನು ಹೊರಗೆ ಬಿಡದಿದ್ದರೆ ಒಳಗೆ ಒತ್ತಡ ಏರುತ್ತದೆ. ಹಿಂದೆ ಒಂದು ಕೊಳವೆ ಇಟ್ಟು ಸುಮ್ನೆ ರಸ್ತೆಗೆ ಬಿಡುತ್ತಿದ್ದರು. ಮಾಲಿನ್ಯ ತಡೆಯಲು 1960ರ ದಶಕದಲ್ಲಿ ಪಿಸಿವಿ ವಾಲ್ವ್ ಬಳಕೆಗೆ ಬಂತು. ಅಲ್ಲಿಂದ ಈ ಹೊಗೆ ಮತ್ತೆ ಎಂಜಿನ್ ಒಳಗೇ ಹೋಗಿ ಉರಿಯುತ್ತದೆ. ಹಳೆಯ ಪೋರ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವ್ ಬೆನ್ನ ಮೇಲೆ ಬಿದ್ದು ಅದನ್ನು ತೊಳೆಯುತ್ತಾ ಇರುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಬೀಳುತ್ತದೆ. ವಾಲ್ವ್ ಬೆನ್ನು ತೊಳೆಯೋಕೆ ಏನೂ ಇಲ್ಲ. ಆಯಿಲ್ ಮಂಜು ಬಿಸಿ ವಾಲ್ವ್ ಮೇಲೆ ಕೂತು ಸುಟ್ಟು ಗಟ್ಟಿಯಾಗುತ್ತದೆ.

ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ವಾಲ್ವ್‌ಗಳನ್ನು ಸ್ವಚ್ಛ ಮಾಡಿದರು. ಒಂದೊಂದು ಸಿಲಿಂಡರಿಗೂ ವಾಲ್ವ್ ಪೂರ್ತಿ ಮುಚ್ಚಿರುವಂತೆ ಕ್ರ್ಯಾಂಕ್ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ಪುಡಿ ಒಳಗೆ ಹೋಗುತ್ತದೆ. ಗಾಡಿ ಮತ್ತೆ ನಯವಾಗಿ ಸ್ಟಾರ್ಟ್ ಆಯಿತು.

ಗಾಡಿ ತೆಗೆದುಕೊಂಡು ಹೋಗುವಾಗ ಮಾಲೀಕರು ಕೇಳಿದರು: "ಇದು ಮತ್ತೆ ಕಟ್ಟಿಕೊಳ್ಳದ ಹಾಗೆ ಏನಾದರೂ ಮಾಡೋಕಾಗುತ್ತಾ?"

"ಕ್ಯಾಚ್ ಕ್ಯಾನ್ ಹಾಕಬಹುದು ಸರ್. ಪೂರ್ತಿ ನಿಲ್ಲಲ್ಲ, ಕಡಿಮೆ ಆಗುತ್ತೆ. ಅದಕ್ಕೂ ಮೊದಲು ಎಂಜಿನ್ ಒಳಗೆ ಸರಿ ಇದೆಯಾ ನೋಡಿಬಿಡೋಣ."

ಈ ಮಾತು ಮುಖ್ಯ. ರಿಂಗ್ ಸವೆದ ಎಂಜಿನ್‌ಗೆ ಕ್ಯಾನ್ ಹಾಕಿದರೆ ಡಬ್ಬಿ ಬೇಗ ಬೇಗ ತುಂಬುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ, ನೋಡಿದರು. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಒಂದೇ ಇತ್ತು. ಇಂಥ ಎಂಜಿನ್‌ಗಳ ಟ್ಯಾಪೆಟ್ ಕವರ್ ಒಳಗೇ ಆಯಿಲ್ ಬೇರೆ ಮಾಡುವ ವ್ಯವಸ್ಥೆಯೂ, ಒಂದು ರಬ್ಬರ್ ಡಯಾಫ್ರಾಮೂ ಇರುತ್ತವೆ. ಅದು ಹರಿದರೆ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ನೆ ಓಡುವಾಗ) ಆಯಿಲ್ ಕ್ಯಾಪ್ ಬಿಚ್ಚೋಕೇ ಆಗದಷ್ಟು ಜೋರಾಗಿ ಒಳಗೆ ಎಳೆಯುತ್ತದೆ, ಒಂದೊಂದು ಸಲ ಶಿಳ್ಳೆ ಸದ್ದೂ ಬರುತ್ತದೆ. ಇಲ್ಲಿ ಕ್ಯಾಪ್ ಸುಲಭವಾಗಿ ಬಿಚ್ಚಿತು, ಎಳೆತ ತುಂಬಾ ಹಗುರ. ಅಂದರೆ ಡಯಾಫ್ರಾಮ್ ಸರಿ ಇದೆ. ಕ್ಯಾನ್ ಹಾಕಲು ಯೋಗ್ಯವಾದ ಎಂಜಿನ್ ಇದು ಅನ್ನುವುದು ಖಾತ್ರಿಯಾಯಿತು.

ಮೊದಲ ಕ್ಯಾನ್, ಹೊತ್ತಿದ ಲೈಟ್

ಮಾಲೀಕರು ಎಲ್ಲಾ ಗಾಡಿಗೂ ಆಗುತ್ತದೆ ಎನ್ನುವ ಕಿಟ್ ಒಂದನ್ನು ತರಿಸಿ ತಾವೇ ಹಾಕಿದರು. ಪಿಸಿವಿ ವಾಲ್ವ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುವ ಹೋಸ್ ನಡುವೆ ಡಬ್ಬಿ ಕೂರಿಸಿದರು. ಬಾನೆಟ್ ಕೆಳಗೆ ಜಾಗ ಸಿಕ್ಕಿದ್ದು ಟರ್ಬೊ ಪಕ್ಕದಲ್ಲಿ, ಅಲ್ಲೇ ಬಿಗಿದರು. ಡಬ್ಬಿ ಒಳಗೆ ತಡೆಗೋಡೆ ಇಲ್ಲ, ಜಾಲರಿ ಇಲ್ಲ. ಬರೀ ಖಾಲಿ.

ಇಂಥ ಡಬ್ಬಿ ಆಯಿಲ್ ಹಿಡಿಯೋದು ಕಷ್ಟ. ಆಯಿಲ್ ಮಂಜು ಹನಿಯಾಗಬೇಕಾದರೆ ಅದು ಯಾವುದಕ್ಕಾದರೂ ಡಿಕ್ಕಿ ಹೊಡೆಯಬೇಕು, ದಿಕ್ಕು ಬದಲಿಸಬೇಕು, ತಣ್ಣಗಾಗಬೇಕು. ಒಳಗೆ ಜಾಲರಿ ಇರದೆ, ಹೊರಗೆ ಟರ್ಬೊ ಕಾವು ಹೊಡೆಯುತ್ತಿದ್ದರೆ ಮಂಜು ಒಂದು ನಿಪ್ಪಲ್‌ನಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಮೊದಲ ಸಲ ತಳದ ನಟ್ ಬಿಚ್ಚಿದಾಗ ಬಿದ್ದದ್ದು ಕೆಲವು ಹನಿ ಮಾತ್ರ. "ಎಂಜಿನ್ ಅಷ್ಟೊಂದು ಕ್ಲೀನ್ ಇದೆ" ಅಂತ ಮಾಲೀಕರಿಗೆ ಖುಷಿಯಾಯಿತು.

ಅಷ್ಟರಲ್ಲಿ ಚೆಕ್ ಎಂಜಿನ್ ಲೈಟ್ ಬಂತು. ಕೋಡ್ ಪಿ0171, ಮಿಶ್ರಣದಲ್ಲಿ ಗಾಳಿ ಜಾಸ್ತಿ. ಲೈವ್ ಡೇಟಾ ನೋಡಿದರೆ ಐಡಲ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ 20 ಪರ್ಸೆಂಟ್ ದಾಟಿತ್ತು. ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಐದನೇ ಒಂದು ಭಾಗದಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. 2,500 ಆರ್‌ಪಿಎಮ್‌ಗೆ ಏರಿಸಿ ಹಿಡಿದರೆ ಟ್ರಿಮ್ ಇಳಿಯುತ್ತಿತ್ತು. ಐಡಲ್‌ನಲ್ಲಿ ಜಾಸ್ತಿ, ಆರ್‌ಪಿಎಮ್ ಏರಿದರೆ ಕಡಿಮೆ ಅಂದರೆ ಎಲ್ಲೋ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿದೆ ಅಂತಲೇ ಲೆಕ್ಕ. ಆ ಸೋರಿಕೆಯ ಪ್ರಮಾಣ ಅಷ್ಟೇ ಇರುತ್ತದೆ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆಯಾದ್ದರಿಂದ ಅದರ ಪಾಲು ದೊಡ್ಡದಾಗಿ ಕಾಣುತ್ತದೆ.

ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಬದಲಿಸಿ ನೋಡೋಣ ಅಂತ ಮಾಲೀಕರು ಹೇಳಿದರು. ಮೆಕ್ಯಾನಿಕ್ ಒಪ್ಪಲಿಲ್ಲ. ಲೈಟ್ ಬಂದದ್ದು ಡಬ್ಬಿ ಹಾಕಿದ ಮೇಲೆ, ಹಾಗಾಗಿ ಮೊದಲು ಡಬ್ಬಿಯನ್ನೇ ಅನುಮಾನಿಸಬೇಕು ಅಂದರು. ಸ್ಮೋಕ್ ಮೆಷಿನ್ ಹಚ್ಚಿ ಇನ್‌ಟೇಕಿಗೆ ಹೊಗೆ ತುಂಬಿಸಿದರು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಕಡೆ ಏನೂ ಇಲ್ಲ. ಡಬ್ಬಿಯ ಪಕ್ಕಕ್ಕೆ ಆಯಿಲ್ ಮಟ್ಟ ನೋಡಲು ಒಂದು ಪಾರದರ್ಶಕ ಪೈಪ್ ಇತ್ತು. ಅದು ಡಬ್ಬಿಗೆ ಸೇರುವ ಮೇಲಿನ ಮೂಲೆಯಿಂದ ಒಂದು ತೆಳು ಎಳೆ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಮುಚ್ಚಳದ ಸುತ್ತಲೂ ಬಂತು. ಮುಚ್ಚಳದ ಓ-ರಿಂಗ್ ಟರ್ಬೊ ಬಿಸಿಗೆ ಚಪ್ಪಟೆಯಾಗಿ ಗಟ್ಟಿಯಾಗಿತ್ತು.

ಪಿಸಿವಿ ವಾಲ್ವ್ ಆದ ಮೇಲೆ, ಮ್ಯಾನಿಫೋಲ್ಡಿಗೆ ಮೊದಲು ಕೂರಿಸಿದ ಡಬ್ಬಿಗೆ ಮ್ಯಾನಿಫೋಲ್ಡಿನ ಪೂರ್ತಿ ವ್ಯಾಕ್ಯೂಮ್ ಬೀಳುತ್ತದೆ. ಐಡಲ್‌ನಲ್ಲಿ ಅದು ಸಾಮಾನ್ಯವಾಗಿ 60 ಕೆಪಿಎ (ಕಿಲೋಪಾಸ್ಕಲ್) ಆಸುಪಾಸು. ಆಯಿಲ್ ಹೊರಗೆ ಸೋರದಿದ್ದರೆ ಸಾಕು ಅನ್ನುವ ಲೆಕ್ಕದಲ್ಲಿ ಮಾಡಿದ ಮುಚ್ಚಳ ಅಲ್ಲಿ ನಿಲ್ಲುವುದಿಲ್ಲ. ಆ ಕಿಟ್ಟನ್ನು ತೆಗೆದು ಒಳಗೆ ತಡೆಗೋಡೆ, ಸ್ಟೀಲ್ ಜಾಲರಿ ಇರುವ, ಮಟ್ಟದ ಪೈಪಿಗೆ ಬದಲು ಚಿಕ್ಕ ಡಿಪ್‌ಸ್ಟಿಕ್ ಇರುವ ಡಬ್ಬಿ ಹಾಕಿದರು. ಟರ್ಬೊದಿಂದ ದೂರಕ್ಕೂ ಸರಿಸಿದರು. ಟ್ರಿಮ್ ಇಳಿಯಿತು, ಲೈಟ್ ಹೋಯಿತು.

ಇಂಟರ್‌ಕೂಲರ್ ಪೈಪಿನ ಜಿಡ್ಡು

ಹೈವೇ ಪ್ರಯಾಣ ಮುಗಿಸಿ ಬಂದು, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿ ನೋಡಿದರೆ ಒಳಗೆ ಮೊದಲಿನಷ್ಟೇ ಆಯಿಲ್. ಹಾಗಾದರೆ ಡಬ್ಬಿ ಏನು ಮಾಡಿತು?

ತನಗೆ ಸಿಕ್ಕಿದ್ದನ್ನು ಅದು ಹಿಡಿದಿತ್ತು. ಟರ್ಬೊ ಎಂಜಿನ್‌ಗೆ ಹೊಗೆ ಹೊರಹೋಗಲು ಎರಡು ದಾರಿ ಇರುತ್ತವೆ. ಮೆಲ್ಲಗೆ ಓಡಿಸುವಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರುತ್ತದೆ, ಹೊಗೆ ಪಿಸಿವಿ ಮೂಲಕ ಅಲ್ಲಿಗೆ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿ ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವಾಗ, ಮ್ಯಾನಿಫೋಲ್ಡಿನಲ್ಲೇ ಒತ್ತಡ ಇರುತ್ತದೆ, ಒಂದೇ ದಿಕ್ಕಿಗೆ ಬಿಡುವ ಆ ದಾರಿಯ ಚೆಕ್ ವಾಲ್ವ್ ಮುಚ್ಚಿಕೊಳ್ಳುತ್ತದೆ. ಆಗ ಹೊಗೆ ಟ್ಯಾಪೆಟ್ ಕವರ್‌ನಿಂದ ಬ್ರೀದರ್ ಹೋಸ್ ಮೂಲಕ ಟರ್ಬೊ ಬಾಯಿಗೆ ಹೋಗುತ್ತದೆ. ಅಲ್ಲಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್. ಬ್ಲೋ-ಬೈ ಜಾಸ್ತಿ ಇರುವುದೂ ಬೂಸ್ಟ್‌ನಲ್ಲೇ. ಈ ದಾರಿಯಲ್ಲಿ ಡಬ್ಬಿಯೇ ಇರಲಿಲ್ಲ. ಟರ್ಬೊ ಗಾಡಿಗೆ ಪಿಸಿವಿ ಕಡೆ ಒಂದು ಡಬ್ಬಿ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುವವರು ತುಂಬಾ ಜನ. ಗಾಡಿ ಹೇಗೆ ಓಡುತ್ತದೆ ಅನ್ನುವುದನ್ನು ಮೊದಲು ಕೇಳಿಕೊಂಡರೆ ಯಾವ ದಾರಿಗೆ ಡಬ್ಬಿ ಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ.

ಬ್ರೀದರ್ ಹೋಸನ್ನು ಟರ್ಬೊದಿಂದ ಬಿಡಿಸಿ, ತುದಿಗೆ ಚಿಕ್ಕ ಫಿಲ್ಟರ್ ಸಿಕ್ಕಿಸಿ ಹೊರಗೆ ಬಿಟ್ಟುಬಿಡಿ ಅಂತ ಮಾಲೀಕರಿಗೆ ಯಾರೋ ಹೇಳಿದ್ದರು. ಸುಲಭದ ದಾರಿ, ಅಲ್ವಾ? ಮೆಕ್ಯಾನಿಕ್ ಇದಕ್ಕೆ ಖಡಾಖಂಡಿತವಾಗಿ ಬೇಡ ಅಂದರು. ಅವರು ಹೇಳಿದ್ದು ಸರಿ ಅಂತ ನನಗೂ ಅನಿಸುತ್ತದೆ. ಹೊಗೆ ಹೊರಗೆ ಬಿಡುವುದು ಅನೇಕ ಕಡೆ ಮಾಲಿನ್ಯ ನಿಯಮಕ್ಕೆ ವಿರುದ್ಧ, ಅದರ ವಾಸನೆ ಎಸಿ ಮೂಲಕ ಗಾಡಿ ಒಳಗೂ ಬರುತ್ತದೆ. ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ. ಐಡಲ್‌ನಲ್ಲಿ ಇದೇ ಬ್ರೀದರ್ ಹೋಸ್ ಮೂಲಕ ತಾಜಾ ಗಾಳಿ ಕ್ರ್ಯಾಂಕ್‌ಕೇಸ್ ಒಳಗೆ ಹೋಗುತ್ತದೆ. ಆ ಗಾಳಿ ಎಂಎಎಫ್ ಸೆನ್ಸರ್ ದಾಟಿ ಬಂದದ್ದು, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿರುವುದು. ಹೋಸ್ ಹೊರಗೆ ಬಿಟ್ಟರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತದೆ, ಪಿ0171 ಮತ್ತೆ ಬರುತ್ತದೆ. ಇದೇ ಕಾರಣಕ್ಕೆ ಈ ಎಂಜಿನ್‌ನ ಬ್ರೀದರ್ ಲೈನಿನಲ್ಲಿ ಚೆಕ್ ವಾಲ್ವ್ ಕೂಡ ಹಾಕಬಾರದು. ಅಲ್ಲಿ ಗಾಳಿ ಎರಡೂ ದಿಕ್ಕಿಗೆ ಓಡಾಡಬೇಕು.

ಕೊನೆಗೆ ಬ್ರೀದರ್ ಲೈನಿಗೂ ಒಂದು ಡಬ್ಬಿ ಹಾಕುವುದು ಅಂತ ತೀರ್ಮಾನವಾಯಿತು. ಮಾಲೀಕರ ಹತ್ತಿರ ಇನ್ನೊಂದು ಡಬ್ಬಿ ಇತ್ತು. ಅದರ ನಿಪ್ಪಲ್ ಚಿಕ್ಕದು. ಅಡಾಪ್ಟರ್ ಹಾಕಿ ಮನೆಯಲ್ಲೇ ಜೋಡಿಸಿದರು.

ತಿರುವು

ಉದ್ದದ ಏರು ಹತ್ತಿ ಬಂದ ಒಂದು ದಿನ ಸುಟ್ಟ ಆಯಿಲ್ ವಾಸನೆ ಬಂತು. ಬಾನೆಟ್ ಎತ್ತಿದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಆಯಿಲ್ ಜಿನುಗಿತ್ತು. ಡಿಪ್‌ಸ್ಟಿಕ್ ಅರ್ಧ ಬೆರಳಿನಷ್ಟು ಮೇಲೆದ್ದು ಕೂತಿತ್ತು, ಅದರ ಬುಡದಲ್ಲೂ ಒದ್ದೆ.

70,000 ದಾಟಿದ ಗಾಡಿ, ಗ್ಯಾಸ್ಕೆಟ್ ಸವೆದಿದೆ ಅಂತ ಮಾಲೀಕರು ಹೊಸ ಗ್ಯಾಸ್ಕೆಟ್ ತಂದಿಟ್ಟರು. ಅದನ್ನು ಹಾಕಿಬಿಟ್ಟಿದ್ದರೆ ಕೆಲವು ದಿನ ಸೋರಿಕೆ ನಿಲ್ಲುತ್ತಿತ್ತು. ಆಮೇಲೆ ಒತ್ತಡ ಇನ್ನೊಂದು ಸೀಲ್ ಹುಡುಕಿಕೊಂಡು ಹೋಗುತ್ತಿತ್ತು. ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಹೋದರೆ ಗೇರ್‌ಬಾಕ್ಸ್ ಇಳಿಸಬೇಕು.

ಮೆಕ್ಯಾನಿಕ್ ಕಣ್ಣು ಹೋದದ್ದು ಮೇಲೆದ್ದ ಡಿಪ್‌ಸ್ಟಿಕ್ ಕಡೆಗೆ. "ಗ್ಯಾಸ್ಕೆಟ್ ಸವೆದರೆ ಆಯಿಲ್ ಸೋರುತ್ತೆ ಸರ್. ಡಿಪ್‌ಸ್ಟಿಕ್ ಯಾಕೆ ಮೇಲೇಳಬೇಕು? ಒಳಗಿಂದ ಏನೋ ತಳ್ಳಿದೆ."

ಅಲ್ಲಿಂದ ಮುಂದೆ ಊಹೆ ನಿಲ್ಲಿಸಿ ಅಳತೆ ಶುರು ಮಾಡಿದರು. ಒಂದು ಹಳೆಯ ಆಯಿಲ್ ಕ್ಯಾಪಿಗೆ ತೂತು ಕೊರೆದು ನಿಪ್ಪಲ್ ಕೂರಿಸಿದರು. ಅಲ್ಲಿಂದ ಸಣ್ಣ ಪೈಪನ್ನು ಗಾಡಿ ಒಳಗೆ ತಂದು, ಕಡಿಮೆ ಒತ್ತಡ ಅಳೆಯುವ ಡಿಜಿಟಲ್ ಗೇಜಿಗೆ ಸಿಕ್ಕಿಸಿದರು. ನೀರು ತುಂಬಿದ ಯು ಆಕಾರದ ಪೈಪಿನಲ್ಲೂ ಅಳೆಯಬಹುದು. ಆದರೆ ಅದು ನಿಂತ ಗಾಡಿಗೆ ಮಾತ್ರ ಸರಿ. ಓಡುವಾಗ ವ್ಯಾಕ್ಯೂಮ್ ಬಂದರೆ ನೀರು ಎಂಜಿನ್ ಒಳಗೆ ಹೋಗುವ ಅಪಾಯ ಇದೆ. ಗೇಜ್ ನನ್ನ ಕೈಯಲ್ಲಿತ್ತು, ಮೆಕ್ಯಾನಿಕ್ ಓಡಿಸುತ್ತಿದ್ದರು.

ಮೊದಲು ಬ್ರೀದರ್ ಲೈನಿಗೆ ಕಂಪನಿ ಹೋಸ್ ಮರಳಿ ಹಾಕಿ ಓಡಿಸಿದೆವು. ಐಡಲ್‌ನಲ್ಲಿ ಸೊನ್ನೆಗಿಂತ ಸುಮಾರು 1 ಕೆಪಿಎ ಕಡಿಮೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಸೊನ್ನೆ ದಾಟಿ ಅರ್ಧ ಕೆಪಿಎ ಹತ್ತಿರ ನಿಂತಿತು. ಆಮೇಲೆ ಡಬ್ಬಿ ಜೋಡಿಸಿ ಅದೇ ಏರು, ಅದೇ ಗೇರ್. ಐಡಲ್ ಹಾಗೇ ಇತ್ತು. ಬೂಸ್ಟ್ ಬಂದ ಕೂಡಲೇ ಗೇಜಿನ ಅಂಕಿ ಒಂದು, ಎರಡು, ಮೂರು ಅಂತ ಓಡಿತು. ಐದು ದಾಟಿದ್ದನ್ನು ನಾನು ಜೋರಾಗಿ ಓದಿದೆ, ಮೆಕ್ಯಾನಿಕ್ ಕಾಲು ತೆಗೆದರು. 5 ಕೆಪಿಎ ಅಂದರೆ ಸುಮಾರು 50 ಸೆಂಟಿಮೀಟರ್ ನೀರಿನ ಒತ್ತಡ. ಟೈರಿನ ಗಾಳಿಗೆ ಹೋಲಿಸಿದರೆ ಏನೂ ಅಲ್ಲ. ಆದರೆ ಆಯಿಲ್ ಸೀಲ್‌ಗಳು ಹೆಚ್ಚುಕಡಿಮೆ ಸೊನ್ನೆ ಒತ್ತಡದಲ್ಲಿ ಕೆಲಸ ಮಾಡಲು ಇರುವಂಥವು. ಅವಕ್ಕೆ ಇದು ಜಾಸ್ತಿ.

ಕಾರಣ ನಿಪ್ಪಲ್‌ನಲ್ಲಿತ್ತು. ಕಂಪನಿ ಹೋಸಿನ ಒಳಗಿನ ವ್ಯಾಸ 19 ಮಿಲಿಮೀಟರ್. ಡಬ್ಬಿಯ ನಿಪ್ಪಲ್ ಹೊರಗಿನಿಂದ 10, ಒಳಗೆ ದಾರಿ ಇದ್ದದ್ದು 8. ನೋಡೋಕೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಅನಿಸುತ್ತದೆ. ಗಾಳಿ ಹೋಗುವುದು ಅಡ್ಡಕೊಯ್ತದ ಜಾಗದಲ್ಲಿ, ಅದನ್ನು ಲೆಕ್ಕ ಹಾಕಿದರೆ 283 ಚದರ ಮಿಲಿಮೀಟರ್ ಇದ್ದದ್ದು 50ಕ್ಕೆ ಇಳಿದಿತ್ತು. ಐದೂವರೆ ಪಟ್ಟು ಕಿರಿದು. ಓಡುತ್ತಿರುವವನ ಮೂಗು ಹಿಡಿದ ಹಾಗೆ, ಬೂಸ್ಟ್‌ನಲ್ಲಿ ಎಂಜಿನ್‌ಗೆ ಉಸಿರು ಬಿಡೋಕೆ ಜಾಗವೇ ಇರಲಿಲ್ಲ. ಐಡಲ್‌ನಲ್ಲಿ ಬ್ಲೋ-ಬೈ ಕಡಿಮೆ, ಅದಕ್ಕೇ ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದಾಗ ಎಲ್ಲಾ ಸರಿಯಾಗಿ ಕಂಡಿತ್ತು.

ಹೋಸಿನಲ್ಲೂ ಎರಡು ದೋಷ ಸಿಕ್ಕವು. ನಡುವೆ ಜೋತುಬಿದ್ದಿತ್ತು, ಆ ತಗ್ಗಿನಲ್ಲಿ ಆಯಿಲ್ ನಿಂತು ದಾರಿಯನ್ನು ಇನ್ನಷ್ಟು ಮುಚ್ಚಿತ್ತು. ಜೊತೆಗೆ ಅದು ಕೂಲಂಟಿಗೆ ಬಳಸುವ ಸಿಲಿಕಾನ್ ಹೋಸ್. ಹೊರಗಿನ ಬಣ್ಣ ಹೊಳಪಾಗಿತ್ತು, ಮುಟ್ಟಿದರೆ ಕೈಗೆ ಜಿಡ್ಡು. ಸಾಮಾನ್ಯ ಸಿಲಿಕಾನ್ ಆಯಿಲ್‌ಗೆ ಆಗಿಬರುವುದಿಲ್ಲ. ಉಬ್ಬುತ್ತದೆ, ಗೋಡೆಯಲ್ಲೇ ಆಯಿಲ್ ಜಿನುಗುತ್ತದೆ. ನೈಟ್ರೈಲ್ ರಬ್ಬರ್ ಅಥವಾ ಒಳಪದರಕ್ಕೆ ಎಫ್‌ಕೆಎಂ ರಬ್ಬರ್ ಇರುವ ಹೋಸೇ ಬೇಕು.

ಸರಿಯಾಗಿ ಕೂತ ಡಬ್ಬಿ

ಹೊಸ ಡಬ್ಬಿಗೆ ಒಳಗೂ 19 ಮಿಲಿಮೀಟರ್ ದಾರಿ ಇರುವ ನಿಪ್ಪಲ್, ಒಳಗೆ ತಡೆಗೋಡೆ, ಜಾಲರಿ. ಜಾಗ ಹೆಡ್‌ಲೈಟ್ ಹಿಂದೆ, ಓಡುವಾಗ ಗಾಳಿ ತಾಗುವ ಕಡೆ. ಎಂಜಿನ್‌ನಿಂದ ಡಬ್ಬಿವರೆಗೆ ಹೋಸ್ ಎಲ್ಲೂ ಜೋತುಬೀಳದೆ ಇಳಿಜಾರಾಗಿ ಬರುವಂತೆ ನೋಡಿಕೊಂಡರು. ಡಬ್ಬಿ ಬಾಡಿಗೆ ಬಿಗಿದಿದೆ, ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ. ಹಾಗಾಗಿ ಹೋಸಿಗೆ ಸ್ವಲ್ಪ ಸಡಿಲವನ್ನೂ ಬಿಟ್ಟರು. ಅದೇ ಏರಿನಲ್ಲಿ ಅಳೆದಾಗ ಪೂರ್ತಿ ಬೂಸ್ಟ್‌ನಲ್ಲಿ 1 ಕೆಪಿಎ ಒಳಗೇ ನಿಂತಿತು. ತಂದಿಟ್ಟ ಗ್ಯಾಸ್ಕೆಟ್ ಹಾಕಲೇ ಇಲ್ಲ. ಮೂಲೆ ಒರೆಸಿದ ಮೇಲೆ ಮತ್ತೆ ಜಿನುಗಲಿಲ್ಲ.

ಚಳಿ ಬಂದಾಗ ಡಬ್ಬಿ ಬಿಚ್ಚಿ ಮಾಲೀಕರು ಗಾಬರಿಯಾದರು. ಒಳಗೆ ಹಾಲು ಬೆರೆತ ಬಣ್ಣದ ನೀರುನೀರು ದ್ರವ, ಪೆಟ್ರೋಲ್ ವಾಸನೆ. ಹೆಡ್ ಗ್ಯಾಸ್ಕೆಟ್ ಹೋಯಿತು ಅಂತಲೇ ಅಂದುಕೊಂಡರು. ಕೂಲಂಟ್ ಮಟ್ಟ ಒಂದಿಷ್ಟೂ ಇಳಿದಿರಲಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಶುದ್ಧ. ಇದು ಚಿಕ್ಕ ಓಡಾಟದಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ನೀರಾವಿ ತಣಿದು ಆಯಿಲ್ ಜೊತೆ ಬೆರೆತದ್ದು. ಬಿಸಿಲುಕಾಲದಲ್ಲಿ ಇದೇ ಡಬ್ಬಿಯಲ್ಲಿ ಕಪ್ಪು ಆಯಿಲ್ ಬರುತ್ತದೆ, ಪ್ರಮಾಣವೂ ಕಡಿಮೆ. ಚಳಿಯಲ್ಲಿ ಡಬ್ಬಿ ಬೇಗ ತುಂಬುವುದರಿಂದ ಬೇಗ ಖಾಲಿ ಮಾಡಬೇಕು. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಇದು ಇನ್ನೂ ಗಂಭೀರ. ಐಸ್ ಹೋಸನ್ನು ಮುಚ್ಚಿದರೆ ಕಿರಿದಾದ ನಿಪ್ಪಲ್ ಮಾಡಿದ ಹಾನಿಗಿಂತ ದೊಡ್ಡ ಹಾನಿ ಆಗುತ್ತದೆ. ಆ ದ್ರವವನ್ನು ಮತ್ತೆ ಎಂಜಿನ್‌ಗೆ ಸುರಿಯಬಾರದು, ಬಳಸಿದ ಆಯಿಲ್ ಜೊತೆಗೇ ವಿಲೇವಾರಿ ಮಾಡಬೇಕು.

ಇಂಟರ್‌ಕೂಲರ್ ಪೈಪ್ ಈಗ ಬಿಚ್ಚಿದರೆ ಒಳಗೆ ಬೆರಳಾಡಿಸಿದಾಗ ತೆಳು ಜಿಡ್ಡು ಮಾತ್ರ ಸಿಗುತ್ತದೆ. ವಾಲ್ವ್‌ಗಳನ್ನು ಕ್ಯಾಮೆರಾದಲ್ಲಿ ಮತ್ತೆ ನೋಡಿದಾಗ ತೆಳುವಾದ ಕಪ್ಪು ಪದರ ಇತ್ತು, ಗಂಟು ಇರಲಿಲ್ಲ. ಇದೆಲ್ಲ ಡಬ್ಬಿಯ ಪುಣ್ಯ ಅಂತ ನಾನು ಹೇಳಲಾರೆ. ಸ್ವಚ್ಛ ಮಾಡಿದ ಮೇಲೆ ಓಡಿದ ದೂರ ಮೊದಲಿನಷ್ಟಿಲ್ಲ, ಆಯಿಲ್ ಕೂಡ ಬೇರೆ ದರ್ಜೆಯದು ಹಾಕುತ್ತಿದ್ದಾರೆ. ವಾಲ್ವ್ ಸ್ಟೆಮ್ ಸೀಲ್ ದಾಟಿ ಇಳಿಯುವ ಆಯಿಲನ್ನು ಯಾವ ಡಬ್ಬಿಯೂ ತಡೆಯಲಾರದು. ಆದರೆ ಡಬ್ಬಿಯಿಂದ ಪ್ರತಿ ಸಲ ಹೊರಗೆ ಬೀಳುವುದು ಎಂಜಿನ್ ಒಳಗೆ ಹೋಗಬೇಕಿದ್ದ ಆಯಿಲ್. ಅದರಲ್ಲಿ ಅನುಮಾನ ಇಲ್ಲ.

ಇಂಥ ಕೆಲಸಕ್ಕೆ ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಕೇಳುವುದು ಡಬ್ಬಿಯ ಬ್ರ್ಯಾಂಡ್ ಅಲ್ಲ, ಹಾಕುವ ಮೊದಲು ಕ್ರ್ಯಾಂಕ್‌ಕೇಸ್ ಒತ್ತಡ ಎಷ್ಟಿತ್ತು ಅಂತ. ಈ ಗಾಡಿಯಲ್ಲಿ ಕಂಪನಿ ಹೋಸಿನ ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಕಿರಿದಾದ ನಿಪ್ಪಲ್ ಹಾಕಿದ ದಿನವೇ ಸಿಕ್ಕಿಬೀಳುತ್ತಿತ್ತು. ಪೋರ್ಟ್ ಇಂಜೆಕ್ಷನ್, ಟರ್ಬೊ ಇಲ್ಲದ, ರಿಂಗ್ ಚೆನ್ನಾಗಿರುವ ಗಾಡಿಯವರಿಗೆ ಹೆಚ್ಚಾಗಿ ಬೇಡ ಅಂತಲೇ ಹೇಳುತ್ತೇನೆ. ವಾರಂಟಿ ಇರುವ ಗಾಡಿಗಾದರೆ ಅದರ ಷರತ್ತನ್ನೂ, ಅಲ್ಲಿನ ಮಾಲಿನ್ಯ ನಿಯಮವನ್ನೂ ಓದಿಕೊಂಡೇ ಕೈಹಾಕಬೇಕು.

ಮಾಲೀಕರು ಈಗ ಪ್ರತಿ ಆಯಿಲ್ ಚೇಂಜ್ ಹೊತ್ತಿಗೆ ತೂತು ಕೊರೆದ ಆ ಕ್ಯಾಪ್ ಹಾಕಿ ಅದೇ ಏರಿನಲ್ಲಿ ಒತ್ತಡ ಅಳೆದು, ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರ್ ಪಕ್ಕ ಬರೆದಿಡುತ್ತಾರೆ. ಅಂಕಿ 1 ಕೆಪಿಎ ದಾಟಿದರೆ ಮೊದಲು ಜಾಲರಿ ತೊಳೆಯುವುದು, ಆಮೇಲೂ ಇಳಿಯದಿದ್ದರೆ ಕಂಪ್ರೆಷನ್ ನೋಡುವುದು ಅಂತ ಮೆಕ್ಯಾನಿಕ್ ಜೊತೆ ಮಾತಾಡಿಕೊಂಡಿದ್ದಾರೆ. ಕಂಪನಿಯ ಎರಡೂ ಹೋಸ್‌ಗಳನ್ನು ಅವುಗಳ ಕ್ಲಾಂಪ್ ಸಮೇತ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾರೆ. ದಾರಿಯಲ್ಲಿ ಡಬ್ಬಿ ಕೈಕೊಟ್ಟರೆ ಅಲ್ಲೇ ತೆಗೆದು ಅವನ್ನು ಹಾಕಿಕೊಳ್ಳಬಹುದು.